ಎಂಟನೆಯ ಜಾಗ

ಕೆ.ಆರ್.ಪುರದ ಬಳಿಯ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಶುರುವಾದದ್ದು 1948ರಲ್ಲಿ. ತಂತಿಯಲ್ಲಿ ಮಾತು ಹರಿಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಕನ್ನಡದ ಅಕ್ಷರ ಹರಿಯಲು ಏನು ಬೇಕೆಂದು ತಿಳಿದದ್ದು ಮಾತ್ರ ಅಕ್ಕನಿಂದ.

1992ರಲ್ಲಿ ಅಕ್ಕ ಶಿವಾಜಿನಗರದ ಕಛೇರಿಯೊಂದರಲ್ಲಿ ವಿಧವಾ ವೇತನದ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಹೊಸದಾಗಿ ಬಂದ ಕನ್ನಡ ಟರ್ಮಿನಲ್. ‘ಕಮಲ’ ಎಂದು ಒತ್ತಿದರೆ ಪರದೆಯ ಮೇಲೆ ‘3ಎಲ್‌ಕ್ಯೂ’ ಎಂದು ಇಂಗ್ಲಿಷಿನಲ್ಲಿ ಮೂಡುತ್ತಿತ್ತು. “ನಿಮಗೆ ಟೈಪಿಂಗೇ ಬರೋಲ್ಲ” ಎಂದರು ಸಾಹೇಬರು. ಅಂದು ಅಕ್ಕ ಊಟ ಮಾಡದೆ ಮಲಗಿದಳು.

ತಪ್ಪು ಬೆರಳಿನದಲ್ಲ, ತಂತಿಯದು. ಅಕ್ಷರವೊಂದು ಬಿಟ್‌ಗಳಾಗಿ, ಒಂದರ ಹಿಂದೊಂದು ಸಾಲಾಗಿ ಹೋಗುತ್ತದೆ. ವೇಗವೆಷ್ಟು, ಅಕ್ಷರಕ್ಕೆ ಬಿಟ್ ಎಷ್ಟು ಎಂದು ಎರಡೂ ತುದಿಗಳು ಒಪ್ಪಿರಬೇಕು. ಫ್ರಾನ್ಸಿನ ಬೋದೋ ಅವರ ಟೆಲಿಗ್ರಾಫ್ ಸಂಕೇತದಲ್ಲಿ ಅಕ್ಷರಕ್ಕೆ ಐದು ಬಿಟ್. ವೇಗದ ಅಳತೆ ‘ಬಾಡ್’ ಅವರ ಹೆಸರಿನದೇ. 1963ರಲ್ಲಿ ಬಂದ ಅಮೆರಿಕದ ಸಂಕೇತಕ್ಕೆ ಏಳು ಸಾಕಾಯಿತು, ಒಟ್ಟು 128 ಗುರುತು. 1991ರ ನಮ್ಮ ‘ಇಸ್ಕಿ’ ಎಂಟನೆಯ ಬಿಟ್ ಸೇರಿಸಿ, ಭಾರತದ ಲಿಪಿಗಳನ್ನು ಅದರಾಚೆ ಕೂರಿಸಿತು. ‘ಕ’ ಎಂದರೆ 179. ಎಂಟನೆಯದು ಕಳಚಿದರೆ 128 ಹೋಗಿ 51 ಉಳಿಯುತ್ತದೆ. ಅಮೆರಿಕದ ಸಂಕೇತದಲ್ಲಿ ಅದು ‘3’.

ಅಕ್ಕನ ತಂತಿಯಲ್ಲಿ ಆ ಎಂಟನೆಯ ಜಾಗವನ್ನು ಸರಿ-ಬೆಸ ತಾಳೆ ನೋಡುವ ಪ್ಯಾರಿಟಿಗೆ ಕೊಟ್ಟಿದ್ದರು. ಮರುದಿನ ಬಂದ ಹುಡುಗ ಅದನ್ನು ತೆಗೆದು, ಏಳನ್ನು ಎಂಟು ಮಾಡಿದ. ಕಮಲ ಕಮಲಳೇ ಆದಳು. ಸಾಹೇಬರು ಏನೂ ಅನ್ನಲಿಲ್ಲ. ಅಕ್ಕ ಪಟ್ಟಿಯನ್ನು ಮೊದಲಿನಿಂದ ಏರಿಸಿದಳು.

ತರಗತಿಯಲ್ಲಿ ಮಗು ತಪ್ಪು ಬರೆದಾಗ, ಗದರುವ ಮೊದಲು ನಾನು ಅಕ್ಕನನ್ನು ನೆನೆಯುತ್ತೇನೆ.