ಬಾಲಕಾರ್ಮಿಕ ಪದ್ಧತಿ ಮತ್ತು ಅದರ ನಿಷೇಧ ಶಾಸನಗಳು

ಓದುವ ವಯಸ್ಸಿನ ಮಕ್ಕಳನ್ನು ಕೂಲಿಗಾಗಿ, ಸಾಲದ ತೀರುವಳಿಗಾಗಿ ಅಥವಾ ಬರಿಯ ಹೊಟ್ಟೆಬಟ್ಟೆಗಾಗಿ ದುಡಿಮೆಗೆ ಹಚ್ಚುವ ರೂಢಿಗೆ ಬಾಲಕಾರ್ಮಿಕ ಪದ್ಧತಿಯೆಂದು ಹೆಸರು. ಮಗುವು ತಂದೆಯೊಡನೆ ಹೊಲಕ್ಕೆ ಹೋಗಿ ಕೆಲಸ ಕಲಿಯುವುದಕ್ಕೂ ಇದಕ್ಕೂ ಅಂತರವುಂಟು. ಆದರೆ ಆ ಅಂತರವನ್ನು ಗೆರೆಯೆಳೆದು ತೋರಿಸುವುದು ಶಾಸನಕರ್ತರಿಗೆ ಇಂದಿಗೂ ಸುಲಭಸಾಧ್ಯವಾಗಿಲ್ಲ. ಕಾಯಕಕ್ಕೆ ಧರ್ಮದ ಸ್ಥಾನವನ್ನಿತ್ತ ಶರಣರ ಕಲ್ಯಾಣವೂ, ಅದಕ್ಕೆ ಹೊಂದಿದ ಹುಮನಾಬಾದ, ಘಾಟಬೋರಾಳಗಳ ಸೀಮೆಯೂ ಈ ತೊಡಕನ್ನು ಅರಿಯಲು ತಕ್ಕ ಕ್ಷೇತ್ರಗಳು. ಏಕೆಂದರೆ ಇಲ್ಲಿ ಮಗುವಿನ ದುಡಿಮೆ ಬಹುಮಟ್ಟಿಗೆ ಬಯಲಿನದು, ಶಾಸನವಾದರೋ ಕಾರ್ಖಾನೆಯ ಬಾಗಿಲಿನಿಂದ ಹೊರಟದ್ದು.

1881ರ ಕಾರ್ಖಾನೆ ಕಾಯಿದೆ ಏಳು ವರ್ಷ ತುಂಬದ ಮಕ್ಕಳ ನೇಮಕವನ್ನು ನಿಷೇಧಿಸಿ, ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಗಳ ದುಡಿಮೆಯ ಮಿತಿಯನ್ನು ಹಾಕಿತು. ಇದನ್ನು ದಯೆಯೆಂದು ಕರೆದ ಕಾಲವೂ ಒಂದಿತ್ತು! 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಕ್ಕೂ, 1922ರಲ್ಲಿ ಹನ್ನೆರಡಕ್ಕೂ, 1948ರಲ್ಲಿ ಹದಿನಾಲ್ಕಕ್ಕೂ ಏರಿತು. ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರುಗಳನ್ನು ಅನೂರ್ಜಿತಗೊಳಿಸಿದ 1933ರ ಕಾಯಿದೆ ಒತ್ತೆಯಿಟ್ಟ ತಂದೆಗೆ 50 ರೂಪಾಯಿ, ಇರಿಸಿಕೊಂಡ ಧಣಿಗೆ 200 ರೂಪಾಯಿಗಳವರೆಗೆ ದಂಡವನ್ನು ವಿಧಿಸಿತು.

ಕಲ್ಯಾಣ, ಹುಮನಾಬಾದಗಳನ್ನು ಒಳಗೊಂಡ ಬೀದರ ಸೀಮೆ ಆಗ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಕಾರಣ ಬ್ರಿಟಿಷ್ ಇಂಡಿಯಾದ ಈ ವಿಧಿಗಳು ತಾವಾಗಿಯೇ ಇಲ್ಲಿಗೆ ಸಲ್ಲುತ್ತಿರಲಿಲ್ಲ. ಸಾಲದ ಋಣಕ್ಕೆ ಆಳಾಗಿ ನಿಲ್ಲುವ ಪದ್ಧತಿ ಹೈದರಾಬಾದ ಸಂಸ್ಥಾನದಲ್ಲಿ ಭಗೇಲಾ ಎಂದೂ ಕನ್ನಡ ನಾಡಿನಲ್ಲಿ ಜೀತವೆಂದೂ ನಡೆದುಬಂದಿದ್ದು, 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ಈ ಎರಡು ಹೆಸರುಗಳನ್ನೂ ತನ್ನ ವ್ಯಾಖ್ಯೆಯಲ್ಲಿಯೇ ಎಣಿಸಿದೆ. ತಂದೆಯ ಸಾಲ ಮಗನ ತಲೆಗೆ ಬರುತ್ತಿದ್ದಲ್ಲಿ, ದನ ಕಾಯಲು ಹೊರಟ ಹುಡುಗನ ವಯಸ್ಸನ್ನು ಕೇಳುವವರು ಯಾರಿದ್ದರು?

ಹದಿನಾಲ್ಕು ವರ್ಷ ತುಂಬದವರನ್ನು ಕಾರ್ಖಾನೆ, ಗಣಿ ಮುಂತಾದ ಅಪಾಯಕರ ಉದ್ಯೋಗಗಳಲ್ಲಿ ನಿಯಮಿಸಕೂಡದೆಂದು ಸಂವಿಧಾನದ 24ನೆಯ ಅನುಚ್ಛೇದ ಸಾರಿತು. ಮೈಸೂರು ಪ್ರಾಂತದವರಾದ ಎಂ. ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯಲ್ಲಿ 1979ರಲ್ಲಿ ರಚಿತವಾದ ಸಮಿತಿ, ದಾರಿದ್ರ್ಯವು ಇರುವವರೆಗೆ ಪೂರ್ಣ ನಿಷೇಧ ಕೈಗೂಡದೆಂದು ಬಗೆದು, ಅಪಾಯಕರ ವೃತ್ತಿಗಳಲ್ಲಿ ನಿಷೇಧವನ್ನೂ ಉಳಿದೆಡೆಗಳಲ್ಲಿ ನಿಯಂತ್ರಣವನ್ನೂ ಸೂಚಿಸಿತು. 1986ರ ಬಾಲಕಾರ್ಮಿಕ ಕಾಯಿದೆ ಆ ಹಾದಿಯನ್ನೇ ಹಿಡಿದುದರಿಂದ ಹೊಲದ ಕೆಲಸದ ಬಹುಭಾಗ ಅದರ ಹೊರಗುಳಿಯಿತು. 1996ರ ಡಿಸೆಂಬರ್ 10ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ನಿಯಮ ಮೀರಿ ದುಡಿಸಿಕೊಂಡ ಮಾಲೀಕನು ಪ್ರತಿ ಮಗುವಿಗೆ 20,000 ರೂಪಾಯಿಗಳನ್ನು ಪುನರ್ವಸತಿ ನಿಧಿಗೆ ಕಟ್ಟತಕ್ಕದ್ದೆಂದಿತು. 2006ರ ಅಕ್ಟೋಬರ್ 10ರಿಂದ ಮನೆಗೆಲಸವೂ ಹೋಟೆಲು, ಢಾಬಾಗಳ ಚಾಕರಿಯೂ ನಿಷೇಧಕ್ಕೊಳಗಾದವು. ಪುಣೆ–ಹೈದರಾಬಾದ ಹೆದ್ದಾರಿಗೆ ಮುಖಮಾಡಿರುವ ಹುಮನಾಬಾದಿಗೆ ಶಾಸನವು ಮೊದಲ ಬಾರಿಗೆ ಹತ್ತಿರ ಬಂದುದು ಆಗಲೇ ಎನ್ನಬೇಕು.

1986ರ ಕಾಯಿದೆಗೆ ತಂದ 2016ರ ತಿದ್ದುಪಡಿ ಹದಿನಾಲ್ಕರ ಕೆಳಗಿನವರಿಗೆ ಎಲ್ಲ ಉದ್ಯೋಗಗಳನ್ನೂ, ಹದಿನೆಂಟರೊಳಗಿನ ಕಿಶೋರರಿಗೆ ಅಪಾಯಕರವಾದುವನ್ನೂ ನಿಷೇಧಿಸಿ, ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡನ್ನೂ ಗೊತ್ತುಮಾಡಿತು. ಮರುವರ್ಷ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೆಯ ಒಡಂಬಡಿಕೆಗಳನ್ನು ಭಾರತ ಅಂಗೀಕರಿಸಿತು. ಹೀಗೆ ಮುಂಬಾಗಿಲನ್ನು ಭದ್ರಪಡಿಸಿದ ತಿದ್ದುಪಡಿಯೇ ಹಿತ್ತಿಲ ಬಾಗಿಲನ್ನು ತೆರೆದಿಟ್ಟಿದೆ: ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯಲ್ಲಿ, ಅಪಾಯಕರವಲ್ಲದ ಕುಟುಂಬದ ಉದ್ಯಮಕ್ಕೆ ಮಗು ನೆರವಾಗಬಹುದು, ಕುಟುಂಬವೆಂದರೆ ತಂದೆತಾಯಿ, ಒಡಹುಟ್ಟಿದವರಷ್ಟೇ ಅಲ್ಲದೆ ತಂದೆತಾಯಿಗಳ ಒಡಹುಟ್ಟಿದವರೂ ಸೇರುತ್ತಾರೆ. ನಂಟಸ್ತನದ ಮರೆಯಲ್ಲಿ ಚಾಕರಿ ಅಡಗಲಾರದೆ?

ಕಬ್ಬಿನ ಕಟಾವಿನಲ್ಲಿ ಕುಟುಂಬದ ದುಡಿಮೆಯ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಕೂಲಿಯಾಳುಗಳನ್ನು ಒದಗಿಸುವ ಮುಕಾದಮನಿಂದ ಮುಂಗಡ ಪಡೆದ ಗಂಡಹೆಂಡಿರ ಜೋಡಿಗೆ ಕೂಲಿ ಸಲ್ಲುವುದು ಟನ್ನಿನ ಲೆಕ್ಕದಲ್ಲಿ. ಸೂಡು ಕಟ್ಟಿ, ಸೋಗೆ ಎಳೆದು, ತಮ್ಮತಂಗಿಯರನ್ನು ಕಾಯುವ ಮಗುವಿನ ಶ್ರಮ ಆ ತೂಕದಲ್ಲಿ ಕರಗಿಹೋಗುವುದೇ ಹೊರತು ಯಾವ ಹಾಜರಿ ಪುಸ್ತಕಕ್ಕೂ ಏರುವುದಿಲ್ಲ. ಪರರ ಹೊಲದ ಕಟಾವು ಕುಟುಂಬದ ಉದ್ಯಮವಲ್ಲವಾದುದರಿಂದ ಇದು ನಿಷಿದ್ಧವೇ ಸರಿ. ಆದರೆ ಕಾಗದದಲ್ಲಿ ಹೆಸರಿಲ್ಲದವನ ಪರವಾಗಿ ಮೊಕದ್ದಮೆ ಹೂಡುವುದು ಎಂತು? 5ರಿಂದ 14 ವರ್ಷದೊಳಗಿನ ದುಡಿಯುವ ಮಕ್ಕಳು ದೇಶದಲ್ಲಿ ಒಂದು ಕೋಟಿಗೂ ಮಿಗಿಲೆಂದು 2011ರ ಜನಗಣತಿ ತಿಳಿಸಿತಾದರೂ, ಗಣತಿಯೂ ಹಿರಿಯರ ಉತ್ತರವನ್ನೇ ನೆಚ್ಚತಕ್ಕದ್ದಷ್ಟೆ.

ಬೀದರದ ಹಳ್ಳಿಗಳಿಂದ ಹೈದರಾಬಾದ, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವವರ ಮಕ್ಕಳ ಪಾಡೂ ಇಂಥದೇ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ, ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗಿಡಕೂಡದೆಂದೂ, ನಡುವೆ ಶಾಲೆ ಬಿಟ್ಟವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡತಕ್ಕದ್ದೆಂದೂ ವಿಧಿಸಿದೆ. ದುಡಿಮೆಯಿಂದ ಬಿಡಿಸಿದ ಮಕ್ಕಳಿಗಾಗಿ 1988ರಿಂದ ನಡೆದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ 2021ರಲ್ಲಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಂಡು, ಆ ಮಕ್ಕಳ ಹೊಣೆ ಈಗ ಕಾರ್ಮಿಕ ಇಲಾಖೆಗಿಂತ ಹೆಚ್ಚಾಗಿ ಶಾಲೆಯದಾಗಿದೆ.