ಬ್ರಾಂದಿಯ ಮಿಶ್ರಪಾನ: ಪಂಚಿನಿಂದ ಸೈಡ್‌ಕಾರಿನವರೆಗೆ

ಬ್ರಾಂದಿಗೆ ನಿಂಬೆಯ ಹುಳಿಯನ್ನೂ ಸಕ್ಕರೆಯ ಸಿಹಿಯನ್ನೂ ಕೂಡಿಸಿ, ಅದರ ಮೇಲೆ ಒಂದು ಸುಗಂಧವನ್ನು ಹಚ್ಚಿ ಸೇವಿಸುವ ಪದ್ಧತಿಯು ಪ್ಯಾರಿಸಿನ ಭೋಗಿಗಳ ಕಲ್ಪನೆಯಿಂದ ಒಮ್ಮೆಗೇ ಉದಿಸಿದುದೆಂದು ಬಹುಮಂದಿ ನಂಬಿರುವರು. ಆದರೆ ಅದರ ಮೂಲವನ್ನು ಅರಸಹೊರಟವನು ಹದಿನೇಳನೆಯ ಶತಮಾನದ ಭಾರತದ ಕರಾವಳಿಗೇ ಬಂದು ನಿಲ್ಲಬೇಕಾಗುತ್ತದೆ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನೌಕರರು, ತಮ್ಮ ದೇಶದ ಬಿಯರು ಈ ಉಷ್ಣದಲ್ಲಿ ಕೆಡುತ್ತಿದ್ದುದರಿಂದ, ಇಲ್ಲಿಯ ಸಾರಾಯಿಗೆ ನಿಂಬೆ, ಸಕ್ಕರೆ, ನೀರು ಮತ್ತು ಸಂಬಾರಗಳನ್ನು ಬೆರೆಸಿಕೊಂಡು ಕುಡಿಯಲಾರಂಭಿಸಿದರು. ಅವರ ವಲಯದಲ್ಲಿ 1632ರಲ್ಲಿ ಬರೆದ ಪತ್ರವೊಂದರಲ್ಲಿ ‘ಪಂಚ್’ ಎಂಬ ಹೆಸರು ಕಾಣಸಿಗುತ್ತದೆ. ಹಡಗುಗಳೊಡನೆ ಈ ಪಾನೀಯವು ಲಂಡನ್ನನ್ನು ಸೇರಿದ ತರುವಾಯ ಸಾರಾಯಿಯ ಸ್ಥಾನಕ್ಕೆ ರಮ್ಮೂ ಫ್ರಾನ್ಸಿನ ಬ್ರಾಂದಿಯೂ ಬಂದುವು. ಮುಂದೆ ಹುಟ್ಟಿದ ಬ್ರಾಂದಿ ಮಿಶ್ರಪಾನಗಳಲ್ಲಿ ಹುಳಿಯುಳ್ಳವೆಲ್ಲ ಈ ಪಂಚಿನ ಸಂತತಿಯೇ ಎಂಬುದು ನನ್ನ ಅಭಿಮತ.

ಕಾಕ್‌ಟೇಲ್ ಎಂಬುದು ಮೊದಲಿಗೆ ಇದರಿಂದ ಭಿನ್ನವಾದ ವಸ್ತುವಾಗಿದ್ದಿತು. 1806ರಲ್ಲಿ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು, ಓದುಗನ ಪ್ರಶ್ನೆಗೆ ಉತ್ತರವಾಗಿ, ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ ಎಂಬ ಕಹಿಯಾದ ಮೂಲಿಕಾಸಾರ ಇವುಗಳ ಮಿಶ್ರಣವೇ ಕಾಕ್‌ಟೇಲ್ ಎಂದು ನಿರೂಪಿಸಿತು. ಅದರಲ್ಲಿ ಹುಳಿಗೆ ಎಡೆಯೇ ಇರಲಿಲ್ಲ. ಕಹಿಯನ್ನಾಶ್ರಯಿಸಿದ ಈ ಪರಂಪರೆಯೂ ಹುಳಿಯನ್ನಾಶ್ರಯಿಸಿದ ಪಂಚಿನ ಪರಂಪರೆಯೂ ಒಂದೇ ಪಾತ್ರೆಯಲ್ಲಿ ಸೇರಿದುದು ನ್ಯೂ ಆರ್ಲಿಯನ್ಸ್ ನಗರದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಜೋಸೆಫ್ ಸ್ಯಾಂಟಿನಿ ಎಂಬಾತನು ಅಲ್ಲಿ ರೂಪಿಸಿದ ‘ಬ್ರಾಂದಿ ಕ್ರಸ್ಟಾ’ ಒಂದು ಅಲಂಕಾರಪ್ರಿಯ ಸೃಷ್ಟಿ: ಗ್ಲಾಸಿನ ಅಂಚಿಗೆ ಸಕ್ಕರೆಯ ಹರಳುಗಳ ಕಟ್ಟು, ಒಳಮೈಗೆ ಸುರುಳಿಯಾಗಿ ಹೆರೆದ ನಿಂಬೆಸಿಪ್ಪೆಯ ಹೊದಿಕೆ, ನಡುವೆ ಬ್ರಾಂದಿಯೊಡನೆ ಕ್ಯುರಸಾವೊ ಎಂಬ ಕಿತ್ತಳೆಯ ಮದ್ಯ, ಕೆಲವು ತೊಟ್ಟು ಬಿಟರ್ಸ್, ಅತ್ಯಲ್ಪವಾದ ನಿಂಬೆರಸ. ಜೆರ್ರಿ ಥಾಮಸ್ ಎಂಬ ಖ್ಯಾತ ಪಾನಗೃಹದ ಪರಿಚಾರಕನು 1862ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇದನ್ನು ದಾಖಲಿಸದೆ ಇದ್ದಿದ್ದರೆ ಇದು ಆ ಊರಿನ ಗಡಿಯನ್ನು ದಾಟುತ್ತಿತ್ತೋ ಇಲ್ಲವೋ. ಸ್ಯಾಂಟಿನಿಯ ಹೆಸರನ್ನು ಆ ಪುಸ್ತಕದಲ್ಲಿ ತಪ್ಪಾಗಿ ಮುದ್ರಿಸಲಾಗಿತ್ತೆಂಬುದು ಬೇರೆ ಮಾತು.

ಇಷ್ಟು ವೈಭವದಿಂದ ನಡೆಯುತ್ತಿದ್ದ ಬ್ರಾಂದಿಯ ಯುಗಕ್ಕೆ ವಿಘ್ನವೊಡ್ಡಿದುದು ಒಂದು ಕ್ಷುದ್ರಕೀಟ. ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಈ ಹೇನು 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿಯ ಬೇರುಗಳನ್ನು ಹೊಕ್ಕು, ಮುಂದಿನ ದಶಕದಲ್ಲಿ ಶ್ರೇಷ್ಠ ಬ್ರಾಂದಿಯ ತವರಾದ ಕೊನ್ಯಾಕ್ ಪ್ರಾಂತವನ್ನು ಆಕ್ರಮಿಸಿತು. ಸುಮಾರು 2,80,000 ಹೆಕ್ಟೇರುಗಳಷ್ಟು ವಿಸ್ತಾರವಾಗಿದ್ದ ಅಲ್ಲಿಯ ತೋಟಗಳು 1893ರ ವೇಳೆಗೆ 40,000ದ ಆಸುಪಾಸಿಗೆ ಇಳಿದುವು. ಬ್ರಾಂದಿ ದುರ್ಲಭವಾಗಲು ಕುಡಿಯುವವರು ಬೇರೆ ಮದ್ಯಗಳತ್ತ ತಿರುಗಿದರು. ಕೊನ್ಯಾಕ್‌ನ ಒಂದು ಬ್ರ್ಯಾಂಡಿನಿಂದಲೇ ಹೆಸರು ಪಡೆದ ನ್ಯೂ ಆರ್ಲಿಯನ್ಸಿನ ‘ಸ್ಯಾಜರ್ಯಾಕ್’ ಕೂಡ ರೈ ವ್ಹಿಸ್ಕಿಯ ಪಾನೀಯವಾಗಿ ಮಾರ್ಪಟ್ಟಿತು. ಕೀಟ ಬಂದ ದೇಶದಿಂದಲೇ ಪರಿಹಾರವೂ ಬಂದುದು ಇತಿಹಾಸದ ವಿನೋದ: ಕೀಟವನ್ನು ಸಹಿಸಬಲ್ಲ ಅಮೆರಿಕದ ಬೇರುಗಳಿಗೆ ಫ್ರೆಂಚ್ ಬಳ್ಳಿಗಳನ್ನು ಕಸಿಮಾಡಲಾಯಿತು. ಈ ಕಾರ್ಯದಲ್ಲಿ ನೆರವಾದ ಟೆಕ್ಸಾಸಿನ ತೋಟಗಾರಿಕಾ ತಜ್ಞ ಟಿ. ವಿ. ಮನ್ಸನ್ನನಿಗೆ ಫ್ರೆಂಚ್ ಸರ್ಕಾರವು 1888ರಲ್ಲಿ ಗೌರವಪದವಿಯನ್ನಿತ್ತಿತು. ಹಿಂದಿನ ಫೋಲ್ ಬ್ಲಾಂಶ್ ತಳಿಯು ಹಿಂದೆ ಸರಿದು ಯೂನಿ ಬ್ಲಾಂ ತಳಿಯು ಪ್ರಾಧಾನ್ಯಕ್ಕೆ ಬಂದುದೂ ಈ ಕಸಿಯ ಫಲವೇ. ಆದಕಾರಣ ಜೆರ್ರಿ ಥಾಮಸ್ ಬಳಸಿದ ಬ್ರಾಂದಿಯ ರುಚಿ ಇಂದಿನದರಂತೆಯೇ ಇದ್ದಿತೆಂದು ಹೇಳುವಂತಿಲ್ಲ.

ತೋಟಗಳು ಚೇತರಿಸಿಕೊಂಡು ಮೊದಲ ಮಹಾಯುದ್ಧವೂ ಮುಗಿದ ಮೇಲೆ, ಕ್ರಸ್ಟಾದ ಆಡಂಬರವನ್ನೆಲ್ಲ ಕಳಚಿಟ್ಟು ಅದರ ಸಾರವನ್ನಷ್ಟೇ ಉಳಿಸಿಕೊಂಡ ಪಾನೀಯವೊಂದು ಬೆಳಕಿಗೆ ಬಂದಿತು, ಅದೇ ಸೈಡ್‌ಕಾರ್. ಹ್ಯಾರಿ ಮೆಕೆಲ್ಹೋನ್ ಮತ್ತು ರಾಬರ್ಟ್ ವರ್ಮೀರ್ ಎಂಬ ಪಾನಗೃಹದ ಪರಿಚಾರಕರಿಬ್ಬರ ಪುಸ್ತಕಗಳೂ 1922ರಲ್ಲಿ ಇದನ್ನು ವರ್ಣಿಸಿ, ಲಂಡನ್ನಿನ ಬಕ್ಸ್ ಕ್ಲಬ್ಬಿನ ಪರಿಚಾರಕ ಮೆಕ್‌ಗ್ಯಾರಿಯ ಹೆಸರನ್ನು ಹೇಳುತ್ತವೆ. ಪ್ಯಾರಿಸಿನ ರಿಟ್ಜ್ ಹೋಟೆಲು ತನ್ನದೆನ್ನುತ್ತದೆ. ಯುದ್ಧಕಾಲದಲ್ಲಿ ಮೋಟಾರ್ ಸೈಕಲ್ಲಿನ ಪಕ್ಕದ ಗಾಡಿಯಲ್ಲಿ ಕುಳಿತು ಪಾನಗೃಹಕ್ಕೆ ಬರುತ್ತಿದ್ದ ತನ್ನ ಗೆಳೆಯನೊಬ್ಬನು ಇದನ್ನು ರೂಪಿಸಿದನೆಂದು ಲೇಖಕ ಡೇವಿಡ್ ಎಂಬರಿ ಹೇಳುತ್ತಾನೆ. ಈ ವ್ಯಾಜ್ಯವನ್ನು ತೀರ್ಮಾನಿಸಹೊರಡುವುದು ನಿರರ್ಥಕ.

ವಿಚಾರಯೋಗ್ಯವಾದುದು ಪ್ರಮಾಣದ ಪ್ರಶ್ನೆ. 1922ರ ವಿಧಾನದಲ್ಲಿ ಬ್ರಾಂದಿ, ಕ್ವಾಂತ್ರೋ ಎಂಬ ಕಿತ್ತಳೆಯ ಮದ್ಯ, ನಿಂಬೆರಸ ಮೂರೂ ಸಮಭಾಗ. ಹೀಗೆ ಮಾಡಿದರೆ ಬ್ರಾಂದಿಯು ತನ್ನ ಮನೆಯಲ್ಲೇ ಅತಿಥಿಯಾಗುತ್ತದೆ. ಹ್ಯಾರಿ ಕ್ರ್ಯಾಡಕ್ ಲಂಡನ್ನಿನ ಸವಾಯ್ ಹೋಟೆಲಿನ ಪರವಾಗಿ 1930ರಲ್ಲಿ ಹೊರತಂದ ಪುಸ್ತಕವು ಬ್ರಾಂದಿಯನ್ನು ಎರಡು ಭಾಗಕ್ಕೆ ಏರಿಸಿ, ಉಳಿದೆರಡನ್ನು ಒಂದೊಂದು ಭಾಗದಲ್ಲಿಯೇ ನಿಲ್ಲಿಸಿತು. ವೃತ್ತಿಯಿಂದ ವಕೀಲನಾಗಿದ್ದ ಎಂಬರಿಯಾದರೋ 1948ರಲ್ಲಿ ಎಂಟು ಭಾಗ ಬ್ರಾಂದಿಗೆ ಎರಡು ಭಾಗ ನಿಂಬೆರಸ, ಒಂದೇ ಭಾಗ ಕ್ವಾಂತ್ರೋ ಎಂದು ವಾದಿಸಿದನು. ಸಿಹಿಯನ್ನು ಕಂಡರೆ ಮುನಿಯುವ ನಾಲಗೆಗಳಿಗೆ ಮಾತ್ರ ಅದು ಒಪ್ಪೀತು. ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘವು ಇಂದು ಮಾನ್ಯಮಾಡಿರುವ 50 ಮಿಲಿಲೀಟರ್ ಕೊನ್ಯಾಕ್, 20 ಮಿಲಿಲೀಟರ್ ಕಿತ್ತಳೆಯ ಮದ್ಯ, 20 ಮಿಲಿಲೀಟರ್ ನಿಂಬೆರಸ ಎಂಬ ಲೆಕ್ಕವೇ, ಈ ದೀರ್ಘ ಚರ್ಚೆಯ ಅಂತ್ಯದಲ್ಲಿ, ಮೂರೂ ರುಚಿಗಳಿಗೆ ನ್ಯಾಯ ಒದಗಿಸಿರುವುದಾಗಿ ನನಗೆ ತೋರುತ್ತದೆ. ಸೈಡ್‌ಕಾರ್ ಬೆಳಕಿಗೆ ಬಂದ ಕಾಲದಲ್ಲಿಯೇ ಕೆನೆಯನ್ನೂ ಕೋಕೋದ ಮದ್ಯವನ್ನೂ ಸೇರಿಸಿದ ಬ್ರಾಂದಿ ಅಲೆಕ್ಸಾಂಡರ್ ಕೂಡ ಪ್ರಚಾರಕ್ಕೆ ಬಂದಿತಾದರೂ ಅದು ಪಾನೀಯಕ್ಕಿಂತ ಭೋಜನಾಂತ್ಯದ ಸಿಹಿತಿನಿಸಿಗೇ ಸಮೀಪ.

ಮನೆಯಲ್ಲಿ ಸೈಡ್‌ಕಾರನ್ನು ಮಾಡಲು ವಿಶೇಷ ಸಾಮಗ್ರಿಯ ಅವಶ್ಯಕತೆಯಿಲ್ಲ. ಪಾನಕದ ಹದವನ್ನು ಬಲ್ಲ ಕೈ ಇದರ ಹದವನ್ನೂ ಬೇಗನೆ ಕಲಿಯುತ್ತದೆ. ಶೇಕರ್ ಇಲ್ಲದವರು ಬಿಗಿಯಾದ ಮುಚ್ಚಳವುಳ್ಳ ಜಾಡಿಯೊಂದರಲ್ಲಿ ಮೂರನ್ನೂ ಸುರಿದು, ಮುಕ್ಕಾಲು ಪಾಲು ಐಸಿನ ಗಟ್ಟಿ ತುಂಡುಗಳನ್ನು ತುಂಬಿ, ಹತ್ತು ಹದಿನೈದು ಸೆಕೆಂಡುಗಳ ಕಾಲ ಬಲವಾಗಿ ಕುಲುಕಿ, ಮೊದಲೇ ತಣ್ಣಗೆ ಮಾಡಿಟ್ಟ ಗ್ಲಾಸಿಗೆ ಸೋಸಬಹುದು. ಕುಲುಕುವುದರ ಪ್ರಯೋಜನ ತಂಪಷ್ಟೇ ಅಲ್ಲ. ಸೋಸಿದ ಪಾನೀಯದ ಸುಮಾರು ಕಾಲುಭಾಗ ಕರಗಿದ ಐಸಿನ ನೀರೇ ಆಗಿದ್ದು, ಅದಿಲ್ಲದಿದ್ದರೆ ಮದ್ಯದ ಉರಿಯು ಮಿಕ್ಕ ರುಚಿಗಳನ್ನು ನುಂಗಿಬಿಡುತ್ತದೆ. ಪುಡಿಯಾದ ಐಸು ಬೇಗ ಕರಗಿ ಎಲ್ಲವನ್ನೂ ನೀರಾಗಿಸುವುದರಿಂದ ಅದು ವರ್ಜ್ಯ. ಅಂಚಿಗೆ ಸಕ್ಕರೆ ಹಚ್ಚುವುದು ಕ್ರಸ್ಟಾದಿಂದ ಬಂದ ಬಳುವಳಿ. ಹಚ್ಚುವುದಾದರೆ ಅರ್ಧ ಅಂಚಿಗಷ್ಟೇ ಹಚ್ಚಿದರೆ ಕುಡಿಯುವವನಿಗೆ ಆಯ್ಕೆ ಉಳಿಯುತ್ತದೆ.

ನಮ್ಮವರು ಗಮನಿಸಬೇಕಾದ ಎರಡು ಸಂಗತಿಗಳುಂಟು. ಮೇಲೆ ಹೇಳಿದ ಪುಸ್ತಕಗಳ ನಿಂಬೆ ದಪ್ಪಸಿಪ್ಪೆಯ ಹಳದಿ ಲೆಮನ್. ನಮ್ಮ ತೆಳುಸಿಪ್ಪೆಯ ನಿಂಬೆಯ ಹುಳಿ ಅದಕ್ಕಿಂತ ತೀಕ್ಷ್ಣವಾದುದರಿಂದ 20ರ ಬದಲು 15 ಮಿಲಿಲೀಟರಿನಿಂದ ಆರಂಭಿಸುವುದು ಲೇಸು. ಎರಡನೆಯದಾಗಿ, ದಕ್ಷಿಣ ಭಾರತದಲ್ಲಿ ಅಗ್ಗವಾಗಿ ಮಾರಾಟವಾಗುವ ಬ್ರಾಂದಿಗಳಲ್ಲಿ ಹಲವು ಕಾಕಂಬಿಯ ಮದ್ಯಸಾರವನ್ನೇ ಆಧರಿಸಿದವು. ಅಂಥವುಗಳಿಗೆ ಬಣ್ಣವೂ ಪರಿಮಳವೂ ಹೊರಗಿನಿಂದ ಬಂದಿರುವ ಕಾರಣ, ಅವುಗಳಿಂದ ಸೈಡ್‌ಕಾರ್ ಮಾಡಿದರೆ ಕಿತ್ತಳೆಯೂ ನಿಂಬೆಯೂ ಕಾಣುತ್ತವೆಯೇ ಹೊರತು ದ್ರಾಕ್ಷಿ ಕಾಣುವುದಿಲ್ಲ. ಬಾಟಲಿಯ ಮೇಲಿನ ಚೀಟಿಯನ್ನು ಓದಿ, ದ್ರಾಕ್ಷಿಯಿಂದಲೇ ಇಳಿಸಿದುದನ್ನು ಆರಿಸಿಕೊಳ್ಳಿರಿ. ಅತ್ಯಂತ ಹಳೆಯ, ದುಬಾರಿಯಾದ ಕೊನ್ಯಾಕನ್ನು ಮಾತ್ರ ಇದಕ್ಕಾಗಿ ವ್ಯಯಿಸಬೇಡಿರಿ.