ಮನೆಯಿಂದಾಚೆಯ ಮನೆ

ಬೀದರದ ಇತಿಹಾಸವನ್ನು ಬರೆದವರು ಕಡಮೆಯೇನಲ್ಲ. ಬಹಮನಿ ಸುಲ್ತಾನರು ಕಲಬುರಗಿಯನ್ನು ಬಿಟ್ಟು ಈ ಕೆಮ್ಮಣ್ಣಿನ ಪ್ರಸ್ಥಭೂಮಿಯ ಅಂಚಿನಲ್ಲಿ ರಾಜಧಾನಿಯನ್ನು ಕಟ್ಟಿಕೊಂಡುದು, ಅವರ ತರುವಾಯ ಬರೀದಶಾಹಿಯವರು ಆಳಿದುದು, ಔರಂಗಜೇಬನ ಸೈನ್ಯವು ಕೋಟೆಯನ್ನು ಹಿಡಿದುದು, ಕಡೆಗೆ ಸೀಮೆಯೆಲ್ಲವೂ ಹೈದರಾಬಾದಿನ ನಿಜಾಮರ ಕೈಸೇರಿದುದು, ಇವೆಲ್ಲವೂ ಗ್ರಂಥಸ್ಥವಾಗಿವೆ. ಆದರೆ ಆ ಕೋಟೆಯ ನೆರಳಿನಲ್ಲಿಯೂ, ಮಾಂಜರಾ ನದಿಯ ಬಯಲಿನ ಭಾಲ್ಕಿ ಔರಾದಗಳ ಹಳ್ಳಿಗಳಲ್ಲಿಯೂ ಹದಿನಾರರ ಪ್ರಾಯವನ್ನು ದಾಟಿದ ಹುಡುಗರು ಯಾರಿಗೆ ಅಂಜಿ ನಡೆದರು, ಯಾರೊಡನೆ ಉಂಡು ಮಲಗಿ ಗೆಳೆತನ ಬೆಳೆಸಿದರು, ತಂದೆಯ ಮಾತನ್ನು ಯಾವ ಗಳಿಗೆಯಲ್ಲಿ ಮೀರಿದರು ಎಂಬುದನ್ನು ಯಾವ ತವಾರೀಖೂ ಹೇಳುವುದಿಲ್ಲ. ಅರಸರ ವಂಶಾವಳಿಗೆ ದೊರೆಯುವ ಶಾಸನಾಧಾರವು ಹರೆಯಕ್ಕೆ ದೊರೆಯತಕ್ಕದ್ದೂ ಅಲ್ಲ. ಉಳಿದಿರುವುದೆಂದರೆ ಅವರು ತಂಗಿದ ಮನೆಗಳು. ಹೆತ್ತವರ ಮನೆಗಳಲ್ಲ, ಓದಿಗಾಗಿಯೋ ಕಸುಬಿಗಾಗಿಯೋ ಸೇರಿಕೊಂಡ ಅನ್ಯರ ಮನೆಗಳು. ಈ ಸೀಮೆಯಲ್ಲಿ ಬೆಳೆಯುವುದೆಂದರೆ ಬಹುಮಟ್ಟಿಗೆ ಅಂಥದೊಂದು ಮನೆಯನ್ನು ಹುಡುಕಿಕೊಂಡು ಹೋಗುವುದೇ ಆಗಿತ್ತೆಂದು ನನ್ನ ಅಭಿಪ್ರಾಯ.

ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮಹಮೂದ ಗವಾನನ ಮದರಸಾ. ಪಾರಸೀಕ ದೇಶದ ಗೀಲಾನಿನಿಂದ ವರ್ತಕನಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಆ ಮಹಾಶಯನು 1472ರಲ್ಲಿ ಇದನ್ನು ಕಟ್ಟಿಸಿದನು. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ 36 ಕೊಠಡಿ, ಅಧ್ಯಾಪಕರಿಗೆ ಬೇರೆ ವಸತಿ, ಒಂದು ಮಸೀದಿ, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಗ್ರಂಥಭಂಡಾರ. ಹೊರಗೋಡೆಗೆ ನೀಲಿ ಹಳದಿ ಬಿಳಿ ಬಣ್ಣದ ಹೆಂಚಿನ ಹೊದಿಕೆ. ನೋಡುವವರು ಹೆಂಚಿನ ಬಣ್ಣಕ್ಕೂ ಉಳಿದ ಒಂದೇ ಮಿನಾರಿನ ಎತ್ತರಕ್ಕೂ ಬೆರಗಾಗಿ ಹಿಂದಿರುಗುವರು. ಆದರೆ ವಾಸ್ತವವಾಗಿ ನಿಂತು ನೋಡಬೇಕಾದುದು ಆ ಕೊಠಡಿಗಳನ್ನು. ಸಮುದ್ರದಾಚೆಯಿಂದ ಬಂದ ಗುರುವಿನೊಡನೆ ದಖ್ಖಣದ ಹುಡುಗನು ಪಾರಸಿಯನ್ನೂ ಅರಬ್ಬಿಯನ್ನೂ ಓದಿ, ಧರ್ಮಾರ್ಥವಾಗಿ ದೊರೆತ ಅನ್ನವನ್ನುಂಡು, ಮನೆಯವರ ಮುಖವನ್ನು ಬಹುಕಾಲ ಕಾಣದೆ ಇದ್ದುದು ಅಲ್ಲಿ. ಗವಾನನ ಪತ್ರಸಂಗ್ರಹವಾದ ರಿಯಾಜುಲ್ ಇನ್ಶಾದಲ್ಲಿ ಸುಲ್ತಾನರಿಗೂ ವಿದ್ವಾಂಸರಿಗೂ ಬರೆದ ಓಲೆಗಳ ನಡುವೆ ತನ್ನ ಸ್ವಂತ ಮಕ್ಕಳಿಗೆ ಬರೆದವೂ ಸೇರಿವೆ. ಪರರ ಮಕ್ಕಳಿಗೆ ಅಷ್ಟು ದೊಡ್ಡ ಮನೆಯನ್ನು ಕಟ್ಟಿಸಿಕೊಟ್ಟವನೂ ತನ್ನ ಮಕ್ಕಳಿಗೆ ಕಾಗದದ ಮೂಲಕವೇ ಬುದ್ಧಿ ಹೇಳಬೇಕಾಯಿತೆಂಬುದು ಎಲ್ಲ ಕಾಲದ ತಂದೆಯರಿಗೂ ಕೊಂಚ ಸಮಾಧಾನದ ವಿಷಯವಾಗಬಹುದು. ಕೂಟಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಆ ವೃದ್ಧನ ತಲೆಯನ್ನು ತೆಗೆಸಿದನು. ಮದರಸಾ ಮಾತ್ರ ಮೊಗಲರ ಕಾಲದವರೆಗೂ ನಡೆದು, 1696ರಲ್ಲಿ ಮದ್ದಿನ ಸ್ಫೋಟವಾಗಿ ಮುಂಭಾಗದ ಬಹುಭಾಗವೂ ಒಂದು ಮಿನಾರೂ ಬಿದ್ದುಹೋದುವು.

ಅಕ್ಷರದ ಕಡೆಗೆ ಹೋಗಲಾರದವರಿಗೆ ಉಸ್ತಾದನ ಕಾರ್ಖಾನೆಯಿತ್ತು. ಬಿದರಿಯ ಕೆಲಸಕ್ಕೆ ಸೇರಿದ ಹುಡುಗನ ಕೈಗೆ ಮೊದಲಲ್ಲಿಯೇ ಬೆಳ್ಳಿಯನ್ನು ಕೊಡುವವರಿಲ್ಲ. ಸತುವಿಗೆ ತುಸು ತಾಮ್ರ ಬೆರಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನಯಗೊಳಿಸುವುದು ಅವನ ಪಾಲಿನ ಕೆಲಸ. ಉಳಿಯಿಂದ ಬಳ್ಳಿಯ ಗೆರೆಯನ್ನು ಕೊರೆಯುವುದು, ಆ ಸಂದಿನಲ್ಲಿ ಬೆಳ್ಳಿಯ ಎಳೆಯನ್ನು ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು, ಇವು ಕಾಲಕ್ರಮದಲ್ಲಿ ಬರುವ ವಿದ್ಯೆಗಳು. ಎಲ್ಲಕ್ಕೂ ಕಡೆಯದು ಮಣ್ಣಿನ ಪರೀಕ್ಷೆ. ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ಕಾಣದೆ ಉಳಿದ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕುದಿಸಿ ಹೂಜಿಯನ್ನು ಅದ್ದಿದರೆ ಲೋಹವು ಕಪ್ಪಾಗುವುದು, ಬೆಳ್ಳಿಯು ಬೆಳ್ಳಗೇ ಉಳಿಯುವುದು. ಯಾವ ಮಣ್ಣು ತಕ್ಕುದೆಂಬುದನ್ನು ಉಸ್ತಾದನು ನಾಲಗೆಯ ಮೇಲಿಟ್ಟು ನಿರ್ಣಯಿಸುತ್ತಾನೆ. ಆ ರುಚಿಯನ್ನು ಬಾಯಿಮಾತಿನಲ್ಲಿ ಕಲಿಸಲಾಗದು. ಗುರುವಿನ ಬಗಲಿನಲ್ಲಿ ಎಷ್ಟೋ ವರ್ಷ ಕುಳಿತ ಶಿಷ್ಯನಿಗೆ ಮಾತ್ರ ಅದು ಸಿದ್ಧಿಸತಕ್ಕದ್ದು. ಬೈಗಳು, ಏಟು, ಹಬ್ಬದ ಹೊಸಬಟ್ಟೆ, ಮದುವೆಯ ಏರ್ಪಾಡು, ಎಲ್ಲವೂ ಒಂದೇ ಕೈಯಿಂದ ಬರುತ್ತಿದ್ದ ಸಂಬಂಧವದು. ಇಂದಿನ ಮಕ್ಕಳು ಅದಕ್ಕೆ ಒಪ್ಪಲಾರರು, ಒಪ್ಪಬೇಕೆಂದು ನಾನೂ ಹೇಳಲಾರೆ.

ನಿಜಾಮರ ಆಳ್ವಿಕೆಯ ಕಡೆಯ ಐವತ್ತು ಅರುವತ್ತು ವರ್ಷಗಳಿಗೆ ಬಂದರೆ ನಮ್ಮ ಕಥೆಗೆ ಬೇರೊಂದು ತೊಡಕು ಸೇರಿಕೊಳ್ಳುವುದು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದುವು ರಾಜ್ಯಭಾಷೆಯಾಗಿ ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಆ ಭಾಷೆಯಲ್ಲಿಯೇ ಉಚ್ಚ ಶಿಕ್ಷಣವನ್ನು ಕೊಡಲು ನಿಂತಿತು. ಇಂಗ್ಲಿಷ್ ಮಾಧ್ಯಮವಿಲ್ಲದೆ ವೈದ್ಯವನ್ನೂ ವಿಜ್ಞಾನವನ್ನೂ ದೇಶಭಾಷೆಯೊಂದರಲ್ಲಿ ಕಲಿಸಲಾದೀತೆಂದು ತೋರಿಸಿದ ಆ ಸಾಹಸವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಆದರೆ ಆ ದೇಶಭಾಷೆಯು ಔರಾದದ ಒಕ್ಕಲು ಮಕ್ಕಳ ಮನೆಮಾತಾಗಿರಲಿಲ್ಲವೆಂಬುದೇ ಅದರ ಕೊರತೆ. ಅಲ್ಲಿಯ ಹುಡುಗನು ಅವ್ವನೊಡನೆ ಕನ್ನಡವಾಡಿ, ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ, ಸಾಹುಕಾರನ ಖಾತೆಯ ಮೋಡಿ ಲಿಪಿಯನ್ನು ದೂರದಿಂದ ನೋಡಿ, ಶಾಲೆಗೆ ಹೋದನೆಂದರೆ ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಶಾಲೆಯ ಮೆಟ್ಟಿಲುಗಳನ್ನು ಉರ್ದುವಿನಲ್ಲಿ ಹತ್ತಬೇಕಾಗುತ್ತಿತ್ತು. ಹತ್ತಿದವನ ಮನೆಯಲ್ಲಿ ಒಂದು ವಿಲಕ್ಷಣ ಸ್ಥಿತಿಯುಂಟಾಗುತ್ತಿತ್ತು: ತಹಸೀಲ ಕಚೇರಿಯಿಂದ ಕಾಗದ ಬಂದರೆ ಊರಿನಲ್ಲಿ ಮೀಸೆ ತಿರುವುವ ಅಪ್ಪನು ಹದಿನಾಲ್ಕರ ಮಗನ ಮುಂದೆ ಕುಳಿತು, ಅವನು ಓದಿ ಹೇಳಿದುದನ್ನು ನಂಬಿ ಹೆಬ್ಬೆರಳನ್ನೊತ್ತಬೇಕಾಗುತ್ತಿತ್ತು. ಎಳೆಯನಿಗೆ ಅಕಾಲದಲ್ಲಿ ಬಂದ ಈ ಯಜಮಾನಿಕೆಯು ಎಷ್ಟು ಮನೆಗಳಲ್ಲಿ ತಂದೆ ಮಕ್ಕಳ ನಡುವೆ ಹೇಳಲಾರದ ಮುನಿಸನ್ನು ತಂದಿತೋ ಬಲ್ಲವರಾರು? ಅಷ್ಟಾಗಿಯೂ ಅದೇ ಮಗನಿಗೆ ಅವ್ವನ ಮಾತನ್ನು ಬರೆಯಲು ಒಂದಕ್ಷರವೂ ಬಾರದು.

ಕನ್ನಡ ಶಾಲೆಯನ್ನು ತಾವೇ ತೆರೆಯೋಣವೆಂದರೆ, ಖಾನಗಿ ಶಾಲೆಗೆ ಸರಕಾರದ ಪರವಾನಗಿ ಬೇಕೆಂಬ ನಿಯಮವು 1920ರ ದಶಕದಲ್ಲಿ ಜಾರಿಗೆ ಬಂದಿತ್ತು. ಇಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠಕ್ಕೆ ಅಧಿಪತಿಗಳಾಗಿ ಬಂದವರು ಚನ್ನಬಸವ ಪಟ್ಟದ್ದೇವರು. ಹಿಂದೆ ಔರಾದ ತಾಲೂಕಿಗೆ ಸೇರಿದ್ದ, ಇಂದು ತಾನೇ ಒಂದು ತಾಲೂಕಾಗಿರುವ ಕಮಲನಗರದಲ್ಲಿ ಹುಟ್ಟಿ, ಶಿವಯೋಗಮಂದಿರದಲ್ಲಿ ಓದಿ, ನೂರೆಂಟು ವರ್ಷದ ತುಂಬುಬಾಳನ್ನು ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರು, ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿಗೆ ಹೋದುದು ಕಾಳಿಗಾಗಿ ಮಾತ್ರವಲ್ಲ, ಮಕ್ಕಳಿಗಾಗಿ. ಪ್ರಭುರಾವ ಕಂಬಳಿವಾಲೆಯವರಂಥ ಗೃಹಸ್ಥರು ಅವರಿಗೆ ಹೆಗಲು ಕೊಟ್ಟರು. 1936ರಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಹುಟ್ಟಿತು; ಶಾಲೆಯೊಡನೆ ಉಚಿತ ಪ್ರಸಾದನಿಲಯವೂ ನಡೆಯಿತು. ಬಾಗಿಲ ಮೇಲೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದವರಿಲ್ಲ.

ಈ ಮಾತನ್ನು ಭಾಷಣಕಾರರು ಚಪ್ಪಾಳೆಗಾಗಿ ಹೇಳಿ ಮುಂದೆ ಸಾಗುತ್ತಾರೆ. ನಾನಾದರೋ ಒಳಗೆ ಕುಳಿತಿದ್ದ ಹುಡುಗರ ಮನಸ್ಸನ್ನು ನೆನೆಯುತ್ತೇನೆ. ಸುಳ್ಳಾಡಬಾರದೆಂದು ವಚನವನ್ನು ಬಾಯಿಪಾಠ ಮಾಡಿಸಿದ ಗುರುಗಳೇ, ಅಧಿಕಾರಿ ಬಂದಾಗ ಕನ್ನಡದ ಪುಸ್ತಕವನ್ನು ಮರೆಮಾಡಬೇಕಾದ ಶಾಲೆಯನ್ನು ನಡೆಯಿಸುತ್ತಿದ್ದರು. ಹಿರಿಯರೂ ಅಂಜುವರೆಂಬುದನ್ನೂ, ಅಂಜಿಕೊಂಡೇ ತಮಗೆ ಸರಿದೋರಿದುದನ್ನು ಮಾಡುವರೆಂಬುದನ್ನೂ ಕಣ್ಣಾರೆ ಕಂಡ ಹುಡುಗನು ಪುಸ್ತಕದೊಳಗಿನ ಪಾಠಕ್ಕಿಂತ ಹಿರಿದಾದುದೊಂದನ್ನು ಕಲಿತನೆಂದೇ ಹೇಳಬೇಕು. ಗುಟ್ಟನ್ನು ಹಂಚಿಕೊಂಡವರಲ್ಲಿ ಬೆಳೆಯುವ ಗೆಳೆತನವೂ ಸಾಮಾನ್ಯವಾದುದಲ್ಲ.

ಪ್ರಸಾದನಿಲಯದ ಪಂಕ್ತಿಯು ಮತ್ತೊಂದು ಪರೀಕ್ಷೆ. ಪಟ್ಟದ್ದೇವರು ಹರಿಜನರ ಮಕ್ಕಳನ್ನೂ ಒಳಗೆ ತಂದು ಎಲ್ಲರೊಡನೆ ಉಣಿಸಿದರು. ಊರಲ್ಲಿ ಬೇರೆ ಬಾವಿಯ ನೀರನ್ನು ಕುಡಿದು ಬೆಳೆದ ಇಬ್ಬರು ಹುಡುಗರು ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಜೋಳದ ರೊಟ್ಟಿಯನ್ನೂ ಬೇಳೆಯನ್ನೂ ಉಂಡರು. ರಜೆ ಬಂದು ಊರಿಗೆ ಹೋದ ಮೇಲೆ? ಮಠದಲ್ಲಿ ಯಾರ ಪಕ್ಕದಲ್ಲಿ ಉಂಡೆಯೆಂದು ಅಜ್ಜಿ ಕೇಳಿದರೆ ಹೇಳಬೇಕೋ ಬೇಡವೋ? ಗೆಳೆಯನನ್ನು ಮನೆಗೆ ಕರೆತಂದರೆ ಜಗುಲಿಯವರೆಗೋ ನಡುಮನೆಯವರೆಗೋ? ಸುಧಾರಣೆಯ ಭಾರವನ್ನು ಹಿರಿಯರು ಉಪದೇಶದಲ್ಲಿ ಹೊರುತ್ತಾರೆ, ಎಳೆಯರು ಹೊಸ್ತಿಲಿನಲ್ಲಿ ಹೊರಬೇಕಾಗುತ್ತದೆ. ಎಲ್ಲರೂ ಹೊತ್ತರೆಂದು ಹೇಳುವ ಧೈರ್ಯ ನನಗಿಲ್ಲ. ಮಠದಲ್ಲಿ ಒಂದು, ಮನೆಯಲ್ಲಿ ಒಂದು ಎಂಬ ಎರಡು ನಾಲಗೆಯ ಬಾಳುವೆಯು ಬಹುಮಂದಿಗೆ ಅಭ್ಯಾಸವಾಗಿಯೇ ಹೋಗಿರಬೇಕು. ಸಂಸಾರವಿಲ್ಲದ ಸಂನ್ಯಾಸಿಯೊಬ್ಬರು ಹಡೆದವರಿಗೆ ನಿಲುಕದ ತಂದೆತನವನ್ನು ಇಷ್ಟು ಮಕ್ಕಳಿಗೆ ತೋರಿಸಿದ ಪರಿ ಮಾತ್ರ ಅಪೂರ್ವವಾದುದು.

ಹೆಣ್ಣುಮಕ್ಕಳ ಮಾತನ್ನು ಇಲ್ಲಿಯವರೆಗೆ ಎತ್ತಲಿಲ್ಲವೆಂದು ಓದುಗರು ಆಕ್ಷೇಪಿಸಿದರೆ ಅದು ಯೋಗ್ಯವಾದುದೇ. ಗವಾನನ ಕೊಠಡಿಗಳಲ್ಲಿ ಅವರಿಗೆ ಎಡೆಯಿರಲಿಲ್ಲ, ಉಸ್ತಾದನ ಬಗಲಿನಲ್ಲಿಯೂ ಇರಲಿಲ್ಲ. ನೆರೆಯ ಕಲ್ಯಾಣಕ್ಕೆ ಹನ್ನೆರಡನೆಯ ಶತಮಾನದಲ್ಲಿ ಮನೆಯನ್ನು ತೊರೆದು ಬಂದ ಅಕ್ಕಮಹಾದೇವಿಯನ್ನು ದಿನವೂ ಸ್ಮರಿಸುವ ನಾಡಿನಲ್ಲಿ, ಹುಡುಗಿಗೆ ಹರೆಯವೆಂಬ ಅವಸ್ಥೆಯೇ ದೊರೆಯದೆ, ಬಾಲ್ಯವು ಮುಗಿದ ಮರುದಿನವೇ ಸೊಸೆತನವು ಆರಂಭವಾಗುತ್ತಿತ್ತು. ಅವಳ ಪಾಲಿಗೆ ಎರಡನೆಯ ಮನೆಯೆಂದರೆ ಅತ್ತೆಯ ಮನೆ. ಅಲ್ಲಿ ಅವಳ ಕಷ್ಟಸುಖವನ್ನು ಕೇಳುವ ಗೆಳತಿಯೆಂದರೆ ಬಹುಶಃ ಅವಳಷ್ಟೇ ಎಳೆಯಳಾದ ನಾದಿನಿ. ಹೆಣ್ಣುಮಕ್ಕಳ ವಸತಿನಿಲಯಗಳು ಈ ಜಿಲ್ಲೆಯಲ್ಲಿ ತುಂಬಿದುದು ತೀರ ಈಚಿನ ಸಂಗತಿ.

ಹುಡುಗರ ಓದನ್ನು ರಾಜಕಾರಣವೂ ಬಿಡಲಿಲ್ಲ. 1938ರಲ್ಲಿ ಉಸ್ಮಾನಿಯಾದ ವಸತಿನಿಲಯಗಳಲ್ಲಿ ವಂದೇ ಮಾತರಂ ಹಾಡಿದುದಕ್ಕಾಗಿ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. 1948ರ ವೇಳೆಗೆ ನಿಜಾಮರ ಪರವಾಗಿ ನಿಂತ ರಜಾಕಾರರ ಹಾವಳಿ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸಲ್ಮಾನ ಮನೆಗಳ ಮೇಲೆ ಬಂದೆರಗಿದ ಪ್ರತೀಕಾರ. ಒಂದೇ ಬೆಂಚಿನಲ್ಲಿ ಕುಳಿತವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದ ಆ ಒಂದು ವರ್ಷದ ಸ್ನೇಹಭಂಗಗಳನ್ನು ಯಾರೂ ಲೆಕ್ಕ ಹಾಕಿಲ್ಲ. ನಿನ್ನೆಯವರೆಗೆ ಉದ್ಯೋಗದ ಬಾಗಿಲಾಗಿದ್ದ ಉರ್ದು ಓದು ಕೆಲವೇ ವರ್ಷಗಳಲ್ಲಿ ಬೆಲೆಯಿಲ್ಲದ ಹುಂಡಿಯಂತಾಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಹೆಚ್ಚಿನ ಭಾಗವು ಆಂಧ್ರಕ್ಕೂ ಹೋದುವು, ಉಳಿದುದು ಕನ್ನಡ ರಾಜ್ಯಕ್ಕೆ ಸೇರಿತು. ಕಮಲನಗರದಿಂದ ರೈಲು ಹತ್ತಿದರೆ ಉದಗೀರವು ಹತ್ತಿರದ ಊರು. ಸೋದರಮಾವನ ಮನೆ ಅಲ್ಲಿ, ಓದು ಇಲ್ಲಿ ಎಂಬ ಹುಡುಗರಿಗೆ ಪಠ್ಯಪುಸ್ತಕ, ಪರೀಕ್ಷಾಮಂಡಲಿ, ನೌಕರಿಯ ಅರ್ಜಿ ಎಲ್ಲವೂ ಬೇರೆಬೇರೆಯಾದುವು. ನೆಂಟಸ್ತನವನ್ನು ಮಾತ್ರ ಯಾವ ಕಾಯಿದೆಯೂ ಕತ್ತರಿಸಲಾರದೆ ಹೋಯಿತು. ಔರಾದದ ಮನೆಗಳಿಗೆ ಇಂದಿಗೂ ಮರಾಠಿ ಮಾತಿನ ಸೊಸೆಯರು ಬರುತ್ತಾರೆ, ಅವರ ಮಕ್ಕಳು ಎರಡು ಭಾಷೆಯಲ್ಲಿಯೂ ಜಗಳವಾಡುತ್ತಾರೆ.

ಈಗ ಬೀದರ ನಗರವೇ ಪರವೂರಿನ ಮಕ್ಕಳಿಗೆ ಎರಡನೆಯ ಮನೆಯಾಗಿದೆ. 1989ರಲ್ಲಿ 18 ಮಕ್ಕಳೊಡನೆ ಆರಂಭವಾದ ಶಾಹೀನ್ ಸಂಸ್ಥೆಯು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ದೇಶದಲ್ಲೆಲ್ಲ ಹೆಸರಾಗಿ, ಕುರಾನನ್ನು ಕಂಠಸ್ಥ ಮಾಡಿ ಹಾಫಿಜರಾದ ಹುಡುಗರಿಗೂ ಗಣಿತ ವಿಜ್ಞಾನಗಳನ್ನು ಬುಡದಿಂದ ಕಲಿಸಿ ವೈದ್ಯಕೀಯ ಕಾಲೇಜಿಗೆ ಕಳುಹಿಸುವ ಏರ್ಪಾಡನ್ನು ಮಾಡಿದೆ. ಗವಾನನ ಮದರಸಾದ ಊರಿನಲ್ಲಿ ಇದು ನಡೆಯುತ್ತಿರುವುದು ಉಚಿತವಾಗಿಯೇ ಇದೆ. ಆದರೆ ತರಬೇತಿಯ ವಸತಿನಿಲಯವೆಂಬುದು ಪ್ರಸಾದನಿಲಯಕ್ಕಿಂತ ಬೇರೆ ಜಾತಿಯದು. ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ಅಲ್ಲಿ ಗುಟ್ಟಿನ ಪಾಲುಗಾರನಾಗಿದ್ದನು. ಇಲ್ಲಿ ಅವನೇ ಪ್ರತಿಸ್ಪರ್ಧಿ, ಒಂದು ಅಂಕ ಹೆಚ್ಚು ಪಡೆದನೆಂದರೆ ಸೀಟು ಅವನದು. ಹದಿನೇಳರ ಹುಡುಗಿಯು ರಾತ್ರಿ ಹನ್ನೊಂದರವರೆಗೆ ಓದಿ ಮನೆಗೆ ಫೋನು ಮಾಡಿದರೆ, ತಂದೆ ಕೇಳುವ ಮೊದಲ ಮಾತು ಊಟದ್ದೋ ಅಂಕದ್ದೋ ಎಂಬುದರ ಮೇಲೆ ಅವಳ ಮರುದಿನವು ನಿಂತಿರುತ್ತದೆ.

ಸಂವಿಧಾನಕ್ಕೆ 371 ‘ಜೆ’ ಅನುಚ್ಛೇದವು ಸೇರಿ 2013ರಲ್ಲಿ ಜಾರಿಗೆ ಬಂದ ಮೇಲೆ, ಈ ಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಇಲ್ಲಿಯ ಮಕ್ಕಳಿಗೆ ಮೀಸಲಾಗಿವೆ. ಆ ಹಕ್ಕನ್ನು ಪಡೆಯಲು ಬೇಕಾದ ಪ್ರಮಾಣಪತ್ರಕ್ಕಾಗಿ ಔರಾದದ ಹುಡುಗರು ಬೇಸಗೆಯಲ್ಲಿ ತಹಸೀಲ ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಅರ್ಜಿಯು ಈಗ ಕನ್ನಡದಲ್ಲಿದೆ. ತುಂಬುವವರು ಮಕ್ಕಳೇ, ಅಪ್ಪಂದಿರು ಪಕ್ಕದಲ್ಲಿ ನಿಂತು ಅಜ್ಜನ ಹೆಸರನ್ನೂ ಹೊಲದ ಸರ್ವೇ ನಂಬರನ್ನೂ ಹೇಳಿಕೊಡುತ್ತಿರುತ್ತಾರೆ.